ಚಾಂದನಿಯ ಮಣ್ಣು

ಪೂನಮ್‌ಳ ಫೋನು ಬಂದಾಗ ರೇವಣಸಿದ್ಧಯ್ಯ ಉಮರ್ಗಾದ ತನ್ನ ಮನೆಯ ಅಂಗಳದ ಬಿಸಿಲಿನಲ್ಲಿ ಕೂತು, ಬಲಗಾಲನ್ನು ಮಣೆಯ ಮೇಲೆ ಚಾಚಿ, ಹೆಬ್ಬೆರಳ ಬುಡದ ಗಾಯಕ್ಕೆ ಮುಲಾಮು ಸವರಿಕೊಳ್ಳುತ್ತಿದ್ದ. ಸಕ್ಕರೆ ಕಾಯಿಲೆಯ ಗಾಯ, ಎಂಟು ತಿಂಗಳಾದರೂ ಮಾಯುವ ಲಕ್ಷಣವಿಲ್ಲ. ಜಂಗಮನ ಎಪ್ಪತ್ತೆರಡು ವರ್ಷದ ಈ ಕಾಲನ್ನು ಎಷ್ಟು ಮನೆಯವರು ತೊಳೆದು ಆ ನೀರನ್ನು ಕಣ್ಣಿಗೊತ್ತಿಕೊಂಡಿದ್ದರು. ತೀರಿಹೋದ ಎಷ್ಟು ಜನರನ್ನು ಕುಣಿಯಲ್ಲಿ ಕುಳ್ಳಿರಿಸಿ, ತಲೆಯ ಮೇಲೆ ಇದೇ ಕಾಲಿಟ್ಟು, ಮಂತ್ರ ಹೇಳಿ ಅವನು ಕಳಿಸಿಕೊಟ್ಟಿದ್ದ. ಈಗ ಕರೆಯಲು ಬಂದವರು ಬಾಗಿಲಲ್ಲೇ ನಿಂತು ಬ್ಯಾಂಡೇಜಿನ ಕಡೆ ಒಮ್ಮೆ ಕಣ್ಣು ಹಾಯಿಸಿ, “ನೀವ್ಯಾಕ ತ್ರಾಸ ತಗೋತೀರಿ ಅಯ್ನೋರ, ಸಣ್ಣ ಅಯ್ನೋರಿಗೆ ಕಳಸ್ರಿ” ಎಂದು ಅವನ ಅಣ್ಣನ ಮಗನನ್ನು ಕರೆದುಕೊಂಡು ಹೋಗುತ್ತಾರೆ. ಮರ್ಯಾದೆಯಿಂದಲೇ ಹೇಳುತ್ತಾರೆ, ಕೈ ಮುಗಿದೇ ಹೇಳುತ್ತಾರೆ. ಅವನಿಗೆ ಮೈ ಉರಿಯುವುದು ಆ ಮರ್ಯಾದೆಗೇ.

“ಅಯ್ನೋರ, ಚಾಂದನಿ ಹೋಯ್ತರಿ” ಎಂದಳು ಪೂನಮ್, ಅನುಸೂಯಾಬಾಯಿಯ ತಮ್ಮನ ಮಗಳು. “ಮುಂಜಾನೆ ಐದಕ್ಕ. ನಿನ್ನೀನೇ ಉದಗೀರದ ಡಾಕ್ಟರ ಬಂದು ನೋಡಿ, ಇನ್ನ ಏನೂ ಮಾಡ್ಲಾಕ ಬರಂಗಿಲ್ಲ ಅಂತ ಹೇಳಿ ಹೋಗಿದ್ರು. ಆತ್ಯಾ ನಿಮಗ ಬರ್ಲಾಕ ಹೇಳ್ಯಾಳ. ನೀವೇ ಬರಬೇಕಂತ, ಸಣ್ಣ ಅಯ್ನೋರು ಬ್ಯಾಡಂತ.” ಸ್ವಲ್ಪ ತಡೆದಳು. “ಮತ್ತ, ಧೀರಜ ದಾದಾನ ಲಿಂಗ ದೇವರ ಜಗಲಿ ಮ್ಯಾಲಿಂದ ತೆಗದು ಉಡಿಯಾಗ ಕಟಗೊಂಡು ಕೂತಾಳರಿ. ಚಾಂದನಿ ಸಂಗಾಟ ಕುಣ್ಯಾಗ ಇಡ್ತಾಳಂತ.”

ಫೋನು ಇಟ್ಟ ಮೇಲೂ ರೇವಣಸಿದ್ಧಯ್ಯನ ಬೆರಳು ಮುಲಾಮಿನ ಡಬ್ಬಿಯೊಳಗೇ ಇತ್ತು. ಚಾಂದನಿ ಇಪ್ಪತ್ತೈದು ವರ್ಷದ ಬಿಳಿ ಕುದುರೆ, ಒಂದು ಕಾಲಕ್ಕೆ ಪುಣೆಯ ರೇಸಿನಲ್ಲಿ ಓಡಿದ್ದು. ಅಲ್ಲಿನ ಲಾಯದಲ್ಲಿ ಅದರ ಮೈ ತಿಕ್ಕಿ, ಗೊರಸು ತೊಳೆದು, ಮೇವು ಹಾಕುತ್ತಿದ್ದವನು ಸಾಸ್ತೂರದ ಅನುಸೂಯಾಬಾಯಿಯ ಒಬ್ಬನೇ ಮಗ ಧೀರಜ. ಭೂಕಂಪದಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಮಾಳಿಗೆ ಮನೆಯ ಕಲ್ಲು ಮಣ್ಣಿನ ಕೆಳಗೆ ಅವನು ಹೋದ. ಆಮೇಲೆ ಉಳಿದ ಇಪ್ಪತ್ತೆರಡು ವರ್ಷ ಅವನ ತಾಯಿ ಒಂದು ಕೈಯಿಂದ ಆ ಕುದುರೆಯನ್ನೂ ಇನ್ನೊಂದು ಕೈಯಿಂದ ಅವನ ಇಷ್ಟಲಿಂಗವನ್ನೂ ಹಿಡಿದು ಬದುಕಿದಳು. ಊರಿಗೆಲ್ಲ ಗೊತ್ತಿದ್ದದ್ದು ಇಷ್ಟು. ಗೊತ್ತಿಲ್ಲದ್ದು ರೇವಣಸಿದ್ಧಯ್ಯನೊಬ್ಬನ ಹೊಟ್ಟೆಯಲ್ಲಿತ್ತು. ಆ ಲಿಂಗ ಧೀರಜನದೆಂದು ಅವಳ ಅಂಗೈಯಲ್ಲಿಟ್ಟವನು ಅವನೇ, ಮತ್ತು ಅದು ಯಾರದೆಂದು ಅವನಿಗೆ ಅಂದೂ ತಿಳಿದಿರಲಿಲ್ಲ. ಇವತ್ತು ಅವನು ಬಾಯಿ ಬಿಡದಿದ್ದರೆ ಯಾರ ಮನೆಯದೋ ಕೂಸಿನ ಲಿಂಗ ಒಂದು ಕುದುರೆಯ ಕುಣಿಗೆ ಹೋಗುತ್ತದೆ. ಬಾಯಿ ಬಿಟ್ಟರೆ ಆ ತಾಯಿಯ ಇಪ್ಪತ್ತೆರಡು ವರ್ಷದ ಪೂಜೆ ಮಣ್ಣಿಗೆ ಹೋಗುತ್ತದೆ. ಅವನು ಎದ್ದು ಬಟ್ಟೆ ಬದಲಿಸಿದ.

“ಕುದುರಿ ಸತ್ರ ನೀವ್ಯಾಕ ಹೋಗಬೇಕು?” ಎಂದಳು ಹೆಂಡತಿ ಚಂದ್ರಭಾಗಾ, ವಿಭೂತಿಯ ಗಟ್ಟಿ ಮತ್ತು ಬಿಲ್ವಪತ್ರೆ ಚೀಲಕ್ಕೆ ಹಾಕುತ್ತ. “ನಾಳಿ ಮಠದಾಗ ಕೇಳಿದ್ರ ಏನ್ ಹೇಳ್ತೀರಿ, ದನಕ್ಕೂ ಮಂತ್ರ ಹೇಳಿದೆ ಅಂತೀರೇನು?”

“ದನ ಅಲ್ಲ ಅದು.”

“ಮತ್ತೇನು, ಬೀಗರೇನು?”

ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಚಪ್ಪಲಿಯ ಪಟ್ಟಿ ಗಾಯಕ್ಕೆ ತಾಗದಂತೆ ಸಡಿಲಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಕುಂಟುತ್ತ ನಡೆದ.

ಸಾಸ್ತೂರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಾಘದ ಬಿಸಿಲು ಇನ್ನೂ ಎಳೆಯದು, ಮಾಕಣಿಯ ಡ್ಯಾಮಿನ ಕಡೆಯಿಂದ ಬಂದ ಮಂಜು ತೊಗರಿ ಕೊಯ್ದ ಹೊಲಗಳ ಮೇಲೆ ಇನ್ನೂ ಬಿದ್ದುಕೊಂಡಿತ್ತು, ಅದರೊಳಗೆ ಮರಗಳು ಅರ್ಧಕ್ಕೇ ಮುಗಿದು ಹೋಗುತ್ತಿದ್ದವು. ಯಾವುದು ನೆಲ, ಯಾವುದು ಹೊಗೆ ಎಂದು ಹೇಳಲಾಗದ ಇಂಥ ಬೆಳಗುಗಳಲ್ಲಿ ರೇವಣಸಿದ್ಧಯ್ಯನಿಗೆ ಯಾವಾಗಲೂ ಆ ಬಿಳಿ ಟವೆಲು ಕಾಣುತ್ತಿತ್ತು. ಭೂಕಂಪವಾದ ಆ ದಿನ ಮಳೆ ಹಿಡಿದಿತ್ತು. ಗಣಪತಿ ಕಳಿಸಿ ಬಂದು ಮಲಗಿದ ಊರು ಬೆಳಗಾಗುವುದರೊಳಗೆ ಊರಾಗಿ ಉಳಿದಿರಲಿಲ್ಲ. ಆಗ ಸಾಸ್ತೂರದಲ್ಲೇ ಇದ್ದ ರೇವಣಸಿದ್ಧಯ್ಯ, ಚಂದ್ರಭಾಗಾ ಹಿಂದಿನ ರಾತ್ರಿ ಕೊನೆಯ ಬಸ್ಸಿಗೆ ಉಮರ್ಗಾಕ್ಕೆ ನೆಂಟರ ಮನೆಗೆ ಹೋಗಿದ್ದಕ್ಕೆ ಉಳಿದರು. ಅವನು ಬಂದು ನೋಡುವಷ್ಟರಲ್ಲಿ ಮಧ್ಯಾಹ್ನ, ಲಾರಿಯಲ್ಲಿ ಕಟ್ಟಿಗೆ ಬಂದಿತ್ತು, ಜಾತಿ ಕುಲ ನೋಡದೆ ಎಲ್ಲರನ್ನೂ ಒಟ್ಟಿಗೆ ಸುಡುತ್ತಿದ್ದರು. ಲಿಂಗವಂತರನ್ನು ಸುಡಬಾರದು, ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡಬೇಕು ಎಂದು ಹೇಳಲು ಅವನು ಬಾಯಿ ತೆರೆದದ್ದು ಹೌದು. ಆದರೆ ಕುಣಿ ತೋಡಬೇಕಾದ ಕೈಗಳೆಲ್ಲ ಕಟ್ಟಿಗೆಯ ಮೇಲೇ ಮಲಗಿದ್ದವು. ಆಗ ಹೆಣಗಳನ್ನು ಎಳೆದು ತೆಗೆಯುತ್ತಿದ್ದ ಕುರುಬರ ಅಮೋಘಸಿದ್ಧ ಬಂದು ಅವನ ಮುಂದೆ ಒಂದು ಟವೆಲಿನ ಗಂಟು ಬಿಚ್ಚಿದ. “ಇವು ಸುಡಬಾರದಂತಲ್ಲರಿ ಅಯ್ನೋರ. ಮಂದಿಗೆ ಎತ್ತಿ ಇಡೂಮುಂದ ಬಿಚ್ಚಿ ತೆಗದೀನಿ. ನೀವೇ ಕಟ್ಟಿದ್ದು, ನಿಮಗೇ ಗೊತ್ತಾಗ್ತದ.” ಅವನ ಕೈಯಲ್ಲಿ ರಕ್ತವಿತ್ತು, ಅವನ ಮನೆಯವರೂ ಅವತ್ತು ಹೋಗಿದ್ದರು. ಬೇರೆ ಜಾತಿಯವನು ತನಗೆ ಸಂಬಂಧವಿಲ್ಲದ ದೇವರನ್ನು ಅಷ್ಟು ಜೋಪಾನವಾಗಿ ತಂದಿದ್ದ.

ಬೆಳ್ಳಿಯ ಚೌಕದ ಕರಡಿಗೆಯಲ್ಲಿದ್ದ ಲಿಂಗಗಳನ್ನು ಅವರವರ ಮನೆಯವರು ಗುರುತು ಹಿಡಿದು ಒಯ್ದರು. ಬಟ್ಟೆಯಲ್ಲಿ ಸುತ್ತಿದ ಹನ್ನೊಂದು ಉಳಿದವು. ಒಂದು ಕೆಂಪು ಖಣದ ತುಂಡು, ಒಂದು ಹಳದಿ, ಒಂದರ ಅಂಚಿಗೆ ಯಾವಳೋ ತಾಯಿ ಹಾಕಿದ ಹಸಿರು ದಾರದ ಹೊಲಿಗೆ. ಆ ಬಟ್ಟೆ ನೋಡಿದ್ದರೆ ಆಯಾ ಮನೆಯವರು ಒಂದೇ ಕ್ಷಣಕ್ಕೆ ಹೇಳುತ್ತಿದ್ದರು. ಆದರೆ ರಕ್ತ, ಕೆಸರು, ಹೊಗೆ ಹತ್ತಿದ ಬಟ್ಟೆ. ಲಿಂಗಕ್ಕೆ ಮೈಲಿಗೆ ಇಲ್ಲವೆಂದು ಊರಿಗೆಲ್ಲ ಹೇಳಿಕೊಡುವ ರೇವಣಸಿದ್ಧಯ್ಯ ಅವತ್ತು ಅಸಹ್ಯಪಟ್ಟ. ಹನ್ನೊಂದನ್ನೂ ಬಿಚ್ಚಿ ಬಟ್ಟೆಗಳನ್ನು ಒಟ್ಟಿಗೆ ಬೆಂಕಿಗೆ ಹಾಕಿಸಿದ, ಲಿಂಗಗಳನ್ನು ಒಂದೇ ಬಕೇಟಿನಲ್ಲಿ ತೊಳೆದು, ವಿಭೂತಿ ಹಚ್ಚಿ, ಒರೆಸಿ, ಬೇವಿನ ಮರದ ಕೆಳಗೆ ಬಿಳಿ ಟವೆಲಿನ ಮೇಲೆ ಸಾಲಾಗಿ ಇಟ್ಟ. ಇಟ್ಟು ನೋಡಿದ. ಹನ್ನೊಂದೂ ಒಂದೇ ಕಪ್ಪು, ಒಂದೇ ಗಾತ್ರ, ಒಂದೇ ನುಣುಪು. ತಾನೇನು ಮಾಡಿದೆನೆಂದು ಅವನಿಗೆ ಹೊಳೆದದ್ದು ಆಗ. ಮೂರನೆಯ ದಿನ ತಾಯಂದಿರು ಬಂದು ನಿಂತರು. ಮೊದಲನೆಯವಳು ಒಂದನ್ನು ತೋರಿಸಿ, ಇದೇ ಏನ್ರಿ ನನ್ನ ಮಗಳದು ಎಂದಳು. ನಾನು ಕಟ್ಟಿದ ಲಿಂಗವನ್ನು ಕತ್ತಲಲ್ಲಿ ಮುಟ್ಟಿದರೂ ಹೇಳುತ್ತೇನೆ ಎಂದು ಅವನು ಹತ್ತಾರು ಪಂಕ್ತಿಗಳಲ್ಲಿ ಕೊಚ್ಚಿಕೊಂಡಿದ್ದ. ಹೌದು ತಾಯಿ, ಇದೇ ಎಂದ. ಆಮೇಲಿನವರಿಗೂ ಎತ್ತಿ ಎತ್ತಿ ಕೊಟ್ಟ. ಎಷ್ಟೋ ವರ್ಷ ಇದನ್ನು ಅವನು ಕರುಣೆ ಎಂದು ಕರೆದುಕೊಂಡ. ಕರುಣೆಯಲ್ಲ, ಗೊತ್ತಿಲ್ಲ ಎನ್ನಲು ನಾಚಿಕೆಯಾಗಿತ್ತು, ಅಷ್ಟೇ. ಅನುಸೂಯಾಬಾಯಿ ನಾಲ್ಕನೆಯವಳಾಗಿ ನಿಂತಿದ್ದಳು. ಅಂಗಡಿಯ ತಗಡಿನ ಕೆಳಗೆ ಮಲಗಿದ್ದಕ್ಕೆ ಉಳಿದವಳು, ಬಲಗೈಗೆ ಪ್ಲಾಸ್ಟರು, ಉಮರ್ಗಾದ ದವಾಖಾನೆಯಿಂದ ಅವತ್ತೇ ಎದ್ದು ಬಂದಿದ್ದಳು. ಎಡ ಅಂಗೈ ಚಾಚಿದಳು. ಲಿಂಗ ಇಟ್ಟಾಗ ಅದರ ಕಡೆ ನೋಡದೆ ಅವನ ಮುಖವನ್ನೇ ನೋಡಿದಳು. ಆ ನೋಟವನ್ನು ಅವನು ಕೃತಜ್ಞತೆ ಎಂದುಕೊಂಡ.

ಬಸ್ಸು ಎಲ್ಲಿಯೋ ನಿಂತಿತು, ಮತ್ತೆ ಹೊರಟಿತು. ಸೀಟು ಸಣ್ಣಗೆ ನಡುಗತೊಡಗಿದಾಗ ಅವನ ಕೈ ತಾನಾಗಿಯೇ ಮುಂದಿನ ಕಂಬಿ ಹಿಡಿಯಿತು. ನೆಲ ನಡುಗಿದರೆ ಇವತ್ತಿಗೂ ಹೀಗೆಯೇ. ಭೂಕಂಪವಾದ ಎರಡನೆಯ ವರ್ಷ ಅನುಸೂಯಾಬಾಯಿ ಒಬ್ಬಳೇ ಪುಣೆಗೆ ಹೋಗಿ, ಕಾಲು ಕೆಟ್ಟು ರೇಸಿನಿಂದ ಹೊರಗೆ ಬಿದ್ದ ಚಾಂದನಿಯನ್ನು ಲಾರಿಯಲ್ಲಿ ಹತ್ತಿಸಿಕೊಂಡು ಬಂದಳು. ಬ್ಯಾಂಡಿನವರು ಮದುವೆಯ ಮೆರವಣಿಗೆಗೆ ಕೊಳ್ಳಲಿದ್ದರಂತೆ. ಅಲ್ಲಿಯವರೆಗೆ ಆಕೆ ಕುದುರೆಯನ್ನು ಮುಟ್ಟಿದವಳಲ್ಲ. ಬುದ್ಧಿ ಕೆಟ್ಟಿದೆ ಎಂದರು ಜನ. ಆಮೇಲೆ ಧೀರಜನ ಜೊತೆ ಲಾಯದಲ್ಲಿ ದುಡಿದವರು, ಒಂದಿಬ್ಬರು ಕುದುರೆ ಮಾಲೀಕರು, ಇಂಥ ಒಬ್ಬ ತಾಯಿ ಇದ್ದಾಳೆಂದು ತಿಳಿದು ಇನ್ನೂ ಕಳಿಸತೊಡಗಿದರು. ಮಂಡಿ ಬಾತದ್ದು, ಒಂದು ಕಣ್ಣು ಹೋದದ್ದು, ಗೆದ್ದು ಗೆದ್ದು ದಣಿದದ್ದು, ಒಮ್ಮೆಯೂ ಗೆಲ್ಲದ್ದು. ಊರನ್ನು ಹೊಸ ಜಾಗದಲ್ಲಿ ಕಟ್ಟಿದ ಮೇಲೆ ಹಳೆಯ ಊರು ಕಲ್ಲುಗುಪ್ಪೆಯಾಗಿ ಬಿದ್ದಿತ್ತು. ಅಲ್ಲೇ ಬಿಟ್ಟಳು ಅವನ್ನು. ಒಂದು ಬೆಳಗ್ಗೆ ನಾಲ್ಕೈದು ಕುದುರೆಗಳು ಯಾವುದೋ ಹಳೆಯ ನೆನಪಿಗೆ ಒಟ್ಟಿಗೆ ಓಡಿದವು, ನೆಲ ದಡದಡಿಸಿತು. ಹೊಸ ಊರಿನ ಜನ ಮಕ್ಕಳುಮರಿಗಳನ್ನು ಎತ್ತಿಕೊಂಡು ಬಯಲಿಗೆ ಓಡಿ ಬಂದು ನಿಂತರು. ಮಂಜಿನೊಳಗಿಂದ ಕುದುರೆಗಳು ಕಾಣಿಸಿದಾಗ ಯಾರಿಗೂ ಬೈಯಲಾಗಲಿಲ್ಲ, ಒಬ್ಬ ಮುದುಕಿ ಮಾತ್ರ ಕೂತುಬಿಟ್ಟು ಅತ್ತಳು. ಅವತ್ತಿನಿಂದ ಅನುಸೂಯಾಬಾಯಿ ಅವನ್ನು ಹಗ್ಗ ಹಿಡಿದು ಕೆರೆಗೆ ನಡೆಸಿಕೊಂಡೇ ಹೋಗುತ್ತಾಳೆ, ಓಡಲು ಬಿಡುವುದಿಲ್ಲ.

ಮೇವಿಗೆ ದಾರಿ ಮಾಡಿದವನು ರೇವಣಸಿದ್ಧಯ್ಯ. ಉಮರ್ಗಾ, ನಿಲಂಗಾ, ಔರಾದ ಶಹಾಜನಿಯ ಸಂತೆ ಎಂದು ಅಂಗಡಿ ಅಂಗಡಿ ತಿರುಗಿದ. ಮಠಕ್ಕೆ ಕೊಡುತ್ತೀರಿ, ಇದೂ ದಾಸೋಹವೇ, ತೀರಿಹೋದವರ ಹೆಸರಿನಲ್ಲಿ ಒಂದು ಗಾಡಿ ಜೋಳದ ಕಣಕಿ ಕಳಿಸಿ ಎಂದು ಕಾಳಿನ ವ್ಯಾಪಾರಿಗಳನ್ನು, ಬಟ್ಟೆ ಅಂಗಡಿಯವರನ್ನು ಕೇಳಿದ. ಕುದುರೆಗೆ ಭಿಕ್ಷೆ ಬೇಡುವ ಅಯ್ಯ ಎಂದು ಕೆಲವರು ಅವನ ಬೆನ್ನ ಹಿಂದೆ ನಕ್ಕರು, ನಗುತ್ತಲೇ ಕೊಟ್ಟರು. ಕಣಕಿಯ ಗಾಡಿ ಹಳೆಯ ಊರಿಗೆ ಹೋದ ದಿನ ಅವನಿಗೆ ನೆಮ್ಮದಿಯಿಂದ ನಿದ್ದೆ ಬರುತ್ತಿತ್ತು. ಒಂದು ಸುಳ್ಳಿನ ಬಾಯಿಗೆ ಇಪ್ಪತ್ತು ವರ್ಷ ಮೇವು ಹಾಕಿದ್ದ ಅವನು.

ಕಣ್ಣು ಮುಚ್ಚಿತು. ಹಳೆಯ ಸಾಸ್ತೂರ ಎದ್ದು ನಿಂತಿತ್ತು, ಮಾಳಿಗೆಗಳು, ಕಟ್ಟೆಗಳು, ಬಾವಿ. ಓಣಿಯಲ್ಲಿ ಚಾಂದನಿ ಕೊರಳಿಗೆ ಜೋಳಿಗೆ ಹಾಕಿಕೊಂಡು ಮನೆ ಮನೆಯ ಮುಂದೆ ನಿಲ್ಲುತ್ತಿತ್ತು, ಥೇಟು ಅವನು ನಿಲ್ಲುತ್ತಿದ್ದ ಹಾಗೆ. ಪ್ರತಿ ಬಾಗಿಲಿನಿಂದಲೂ ಒಬ್ಬಳು ತಾಯಿ ಹೊರಬಂದು ಭಿಕ್ಷೆ ಹಾಕುವ ಬದಲು ಖಾಲಿ ಎಡಗೈ ಚಾಚುತ್ತಿದ್ದಳು. ಕೊನೆಯ ಮನೆ ಧೀರಜನದು. ಹಬ್ಬದ ಆ ಸಂಜೆ ರೇವಣಸಿದ್ಧಯ್ಯ ಅಲ್ಲಿಗೆ ಹೋದದ್ದು ಕನಸಲ್ಲ, ನಿಜ. ಪುಣೆಯಿಂದ ಬಂದಿದ್ದ ಹುಡುಗ ಪಡಸಾಲೆಯಲ್ಲಿ ನಿಂತಿದ್ದವನು ಇವನನ್ನು ಕಂಡದ್ದೇ ಹಲ್ಲು ತೋರಿಸಿ, ತಿರುಗಿ, ಹಿತ್ತಲ ಗೋಡೆ ಹಾರಿ ಹೋದ. ಕಾಲಿಗೆ ಬೀಳಲಿಲ್ಲ. ಪುಣೆಯ ಗಾಳಿ ಹತ್ತಿದೆ, ಸೊಕ್ಕು ಬಂದಿದೆ ಎಂದುಕೊಂಡು ಅವನು ಬೇಜಾರಿನಿಂದ ತಿರುಗಿ ಬಂದಿದ್ದ. ಸತ್ತವನ ಮೇಲೆ ಹಾಗೆ ಉಳಿದುಹೋದ ಆ ಚಿಕ್ಕ ಸಿಟ್ಟಿನ ಬಗ್ಗೆಯೂ ಅವನಿಗೆ ನಾಚಿಕೆಯಿತ್ತು.

“ಬಾಬಾ, ಸಾಸ್ತೂರ ಆಲಂ, ಉತರಾ” ಎಂದು ಕಂಡಕ್ಟರ್ ಮರಾಠಿಯಲ್ಲಿ ಇಳಿಯಲು ಹೇಳಿ ಭುಜ ಅಲುಗಿಸಿದ. ಎರಡು ಸಲ ಕೂಗಿದ್ದನಂತೆ, ಬಸ್ಸಿನವರೆಲ್ಲ ಅವನನ್ನೇ ನೋಡುತ್ತಿದ್ದರು.

ಹಳೆಯ ಊರಿನವರೆಗೆ ನಡೆಯುವಾಗ ಏನು ಹೇಳಬೇಕೆಂದು ತೀರ್ಮಾನಿಸಿದ. ನಿಜ ಬೇಕಾಗಿಲ್ಲ. ಶಾಸ್ತ್ರ ಸಾಕು. ಮನುಷ್ಯರ ಲಿಂಗವನ್ನು ಪ್ರಾಣಿಯ ಜೊತೆ ಇಡಲು ಬರುವುದಿಲ್ಲ, ಹೊಳೆಗೆ ಬಿಡೋಣ ಎಂದರೆ ಆಯಿತು. ಅವಳು ಇವತ್ತಿನವರೆಗೆ ಅವನ ಮಾತು ಮೀರಿಲ್ಲ. ಎಷ್ಟು ಸಲೀಸು! ಒಂದು ಸುಳ್ಳನ್ನು ಇನ್ನೊಂದರಿಂದ ಮುಚ್ಚಿ ಮಧ್ಯಾಹ್ನದ ಬಸ್ಸಿಗೆ ಉಮರ್ಗಾ ಸೇರಬಹುದು. ಬೇವಿನ ಮರದ ಕೆಳಗೆ ಬಂದಾಗ ಕಾಲು ನೋಯಿತು, ನಿಂತ. ಮಂಜು ಇಲ್ಲಿ ಇನ್ನೂ ದಟ್ಟವಾಗಿತ್ತು. ಹುಲ್ಲು ಬೆಳೆದ ಮನೆಗಳ ಅಡಿಪಾಯದ ನಡುವೆ ಮೂರು ಕುದುರೆಗಳು ತಲೆ ತಗ್ಗಿಸಿ ನಿಂತಿದ್ದವು, ಒಂದು ಯಾರದೋ ಅಡುಗೆಮನೆಯಲ್ಲಿ, ಎರಡು ಯಾರದೋ ಪಡಸಾಲೆಯಲ್ಲಿ. ಅವು ಮೇಯುತ್ತಿರಲಿಲ್ಲ. ಆಚೆ ಹಳದಿ ಜೆಸಿಬಿ ನಿಂತಿತ್ತು, ಅದರ ಪಕ್ಕ ಕಪ್ಪು ಮಣ್ಣಿನ ದೊಡ್ಡ ಗುಡ್ಡೆ. ಜೆಸಿಬಿಯ ಭೀಮಶಾ ಎಲೆಅಡಿಕೆ ಜಗಿಯುತ್ತ ಕೈ ಮುಗಿದ. ಊರಿನ ಎಂಟು ಹತ್ತು ಜನ ಸೇರಿದ್ದರು, ಪೂನಮ್ ಚಹಾದ ಕಿಟ್ಲಿ ಹಿಡಿದು ತಿರುಗುತ್ತಿದ್ದಳು. ಚಾಂದನಿಯನ್ನು ಆಗಲೇ ಕುಣಿಯೊಳಗೆ ಇಳಿಸಿ ಮಲಗಿಸಿದ್ದರು.

ಅನುಸೂಯಾಬಾಯಿ ತನ್ನ ಮನೆಯ ಉಳಿದ ಕಟ್ಟೆಕಲ್ಲಿನ ಮೇಲೆ ಕೂತಿದ್ದಳು. ಸೀರೆಯ ಸೆರಗಿನಲ್ಲಿ ಗಂಟು. ಪ್ಲಾಸ್ಟರಿನಲ್ಲಿ ಎಲುಬು ಸರಿಯಾಗಿ ಕೂಡದ ಬಲಗೈ ಇವತ್ತಿಗೂ ಸ್ವಲ್ಪ ಸೊಟ್ಟ.

“ಬಂದ್ರೇನ್ರಿ ಅಯ್ನೋರ. ಕಾಲು ಹ್ಯಾಂಗದ?”

“ನಡೀತದ.”

“ಕೂಡ್ರಿ. ಚಾ ಕುಡೀರಿ ಮೊದಲ.”

ಕೂತ. ಚಹಾ ಮುಟ್ಟಲಿಲ್ಲ. “ತಂಗಿ, ಪೂನಮ್ ಹೇಳಿದಳು. ಲಿಂಗ ಕುಣ್ಯಾಗ ಇಡ್ಲಾಕ ಬರಂಗಿಲ್ಲ. ಶಾಸ್ತ್ರದಾಗ ಇಲ್ಲ.”

“ಯಾವ ಶಾಸ್ತ್ರದಾಗರಿ?” ಎಂದಳು. ಕೊಂಕಿನಿಂದಲ್ಲ, ಯಾವ ಬಸ್ಸಿಗೆ ಬಂದಿರಿ ಎಂದು ಕೇಳುವ ಹಾಗೆ.

ರೇವಣಸಿದ್ಧಯ್ಯ ಒಂದು ಹೆಸರು ಹೇಳಬೇಕೆಂದು ಬಾಯಿ ತೆರೆದ. ಬಾಯಲ್ಲಿ ಏನೂ ಇರಲಿಲ್ಲ. ಅವಳು ಕಾಯುತ್ತ ಅವನ ಮುಖ ನೋಡಿದಳು, ಅಂದು ನೋಡಿದ ಹಾಗೆಯೇ, ಅವಸರವಿಲ್ಲದೆ. ಆ ನೋಟದಲ್ಲಿ ಕೃತಜ್ಞತೆ ಇರಲಿಲ್ಲ, ಅಂದೂ ಇರಲಿಲ್ಲವೇನೋ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. “ಅದು ಧೀರಜಂದಲ್ಲ” ಎಂದುಬಿಟ್ಟ. ಒಮ್ಮೆ ಹೊರಗೆ ಬಂದ ಮೇಲೆ ನಿಲ್ಲಿಸಲಾಗಲಿಲ್ಲ. “ಯಾರದಂತ ನನಗ ಗೊತ್ತಿಲ್ಲ. ಬಟ್ಟಿ ಎಲ್ಲಾ ಸುಡಿಸಿಬಿಟ್ಟೆ, ಲಿಂಗ ತೊಳೆದು ಬೆರಸಿಬಿಟ್ಟೆ. ಹನ್ನೊಂದೂ ಅಂದಾಜಲೇ ಕೊಟ್ಟೆ, ತಂಗಿ. ಗೊತ್ತಿಲ್ಲ ಅನ್ಲಾಕ ನನಗ ನಾಚಿಕಿ ಬಂತು. ಇಷ್ಟು ವರ್ಷ ನೀ ತೊಳೆದು ಪೂಜಾ ಮಾಡಿದ್ದು ಯಾರ ಮಗಂದೋ, ಯಾರ ಮಗಳದೋ.”

ಆಚೆ ಒಂದು ಕುದುರೆ ಸೀನಿತು. ಅನುಸೂಯಾಬಾಯಿ ಆ ಕಡೆ ನೋಡಿ, ಮತ್ತೆ ಸೆರಗಿನ ಗಂಟಿನ ಮೇಲೆ ಕೈ ಇಟ್ಟುಕೊಂಡಳು.

“ಗೊತ್ತದರಿ” ಎಂದಳು.

“ಏನ್ ಗೊತ್ತದ?”

“ಇದು ನನ್ನ ಮಗಂದಲ್ಲಂತ. ನೀವು ಕೈಯಾಗ ಇಟ್ಟ ಗಳಿಗೀಗೇ ಗೊತ್ತಿತ್ತು. ಅಂವನ ಕೊರಳಾಗ ಲಿಂಗಾನೇ ಇದ್ದಿಲ್ಲರಿ, ಅಯ್ನೋರ.”

ಅವಳೇ ಮುಂದುವರಿಸಿದಳು, ದನಿ ತಗ್ಗಿಸಿ, ಊರಿನವರಿಗೆ ಕೇಳಿಸದ ಹಾಗೆ. “ಆಷಾಢದಾಗ ಪುಣೇದಾಗ ಇದೇ ಚಾಂದನಿ ಯಾತಕ್ಕೋ ಬೆದರಿ ಅಂವನ ಮ್ಯಾಲೆ ಎದ್ದಿತ್ತಂತ. ಶಿವದಾರ ಹರದು ಲಿಂಗ ಹುಲ್ಲಿನಾಗ ಬಿತ್ತು. ಮೂರು ದಿನ ಲದ್ದಿ ಕೆದರ್ಯಾನ. ಸಿಗಲಿಲ್ಲ.”

“ನನಗ್ಯಾಕ ಹೇಳಲಿಲ್ಲ ಅಂವಾ? ಹೊಸಾದು ಕಟ್ತಿದ್ದೆ. ಒಂದು ಗಳಿಗಿ ಕೆಲಸ ಅದು!”

“ನಿಮಗ ಹೇಳಬೇಕಂತೇ ಎರಡು ದಿನ ಸೂಟಿ ಹಾಕಿ ಬಂದಿದ್ದ. ಸಣ್ಣಂವ ಇದ್ದಾಗ ಬಾವಿ ದಂಡಿ ಮ್ಯಾಲೆ ಲಿಂಗ ಮರೆತು ಬಂದಿದ್ದ ನೋಡ್ರಿ, ನೀವು ಮಠದಾಗ ಎಲ್ಲರ ಮುಂದ ನಿಲ್ಲಿಸಿ, ಲಿಂಗ ಕಳಕೊಂಡಂವಾ ಜೀವಾ ಕಳಕೋಬೇಕು ಅಂತ ಅಂದಿದ್ರಿ. ಅದು ಅಂವನ ಮನಸಿನಾಗ ಕೂತಿತ್ತು. ಆ ಸಂಜಿಕ ನಿಮಗ ನೋಡಿದ್ದೇ ಹೆದರಿ ಗ್ವಾಡಿ ಹಾರಿ ಓಡಿಹೋದ. ಆಮ್ಯಾಲ ಬಂದು, ನಾಳಿ ಮುಂಜಾನಿ ಹೇಳ್ತೀನಿ ಅವ್ವಾ, ಖರೇನೇ ಹೇಳ್ತೀನಿ ಅಂದ.”

ಆ ನಾಳೆ ಬರಲೇ ಇಲ್ಲ. ರೇವಣಸಿದ್ಧಯ್ಯನಿಗೆ ಮೊದಲು ಬಂದದ್ದು ಸಿಟ್ಟು. ಇವಳಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಅವನು ಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗಿ ಕಣಕಿ ಬೇಡುವುದನ್ನು ನೋಡುತ್ತ ಕೂತಿದ್ದಳು, ಪ್ರತಿ ಸಲವೂ ಕಾಲಿಗೆ ಬಿದ್ದು ಕಳಿಸಿದ್ದಳು! ಸಿಟ್ಟು ಇಳಿದ ಮೇಲೆ ಉಳಿದದ್ದು ಆ ಹಲ್ಲು ತೋರಿಸಿದ ಮುಖ. ಹೆದರಿದ ಹುಡುಗನ ಮುಖವದು, ಅದನ್ನು ಅವನು ನಗು ಎಂದು ಓದಿದ್ದ. ಮಠದಲ್ಲಿ ಅಂದದ್ದಂತೂ ಅವನಿಗೆ ನೆನಪೇ ಇರಲಿಲ್ಲ. ಅಂಥ ಮಾತುಗಳನ್ನು ಅವನು ಎಷ್ಟು ಜನರಿಗೆ, ಎಷ್ಟು ಸಲೀಸಾಗಿ ಅಂದಿದ್ದ.

“ಮತ್ತ ಅವತ್ತ ಯಾಕ ತಗೊಂಡಿ?” ಎಂದ.

“ಇಲ್ಲ ಅಂದಿದ್ರ ಏನ್ ಹೇಳಬೇಕಿತ್ರಿ? ನನ್ನ ಮಗ ಲಿಂಗ ಇಲ್ದಂವಾ, ಭವಿ ಆಗಿ ಸತ್ತ ಅಂತನಾ? ನನ್ನ ಹಿಂದ ಏಳು ಮಂದಿ ತಾಯಂದಿರು ನಿಂತಿದ್ರು. ನಂದು ಸುಳ್ಳಂದ್ರ ಅವರವೂ ಸುಳ್ಳಾಗ್ತಿದ್ವು. ಈಗ ಅವರವರ ಮನ್ಯಾಗ ಅವು ಅವರವೇ ಆಗ್ಯಾವ. ಅವರಿಗೇನೂ ಹೇಳಬ್ಯಾಡ್ರಿ.” ಅವಳು ಸೆರಗಿನ ಗಂಟು ಬಿಚ್ಚಿದಳು. ಎಣ್ಣೆಗಪ್ಪು ಲಿಂಗ, ಇಪ್ಪತ್ತೆರಡು ವರ್ಷದ ಕೈಯಿಂದ ಇನ್ನೂ ನುಣುಪಾಗಿತ್ತು. “ನನಗೂ ವಯಸ್ಸಾಯ್ತು. ನಾ ಹೋದಮ್ಯಾಲ ಇದಕ ನೀರು ಹಾಕೋರ್ಯಾರು? ನನ್ನ ಮಗ ಲಿಂಗ ಇಲ್ದೆ ಹೋದ. ಈ ಲಿಂಗ ಮನಷ್ಯಾ ಇಲ್ದೆ ಉಳೀತು. ಚಾಂದನಿ ಮೈಮ್ಯಾಲ ಅಂವಾ ದಿನಾ ಎರಡು ಸಲ ಕೈ ಆಡಸ್ತಿದ್ದ. ಅಂವನ ಮೈಯಂತ ನನಗ ಉಳದದ್ದು ಅದೊಂದೇ. ಎರಡೂ ಕೂಡಿ ಇಟ್ರ ತಪ್ಪದೇನ್ರಿ? ತಪ್ಪಿದ್ರ ಹೇಳ್ರಿ. ಒಯ್ದು ಹೊಳಿಗಿ ಬಿಡ್ತೀನಿ.”

ಇಷ್ಟು ವರ್ಷ ತಪ್ಪು ಯಾವುದು, ಸರಿ ಯಾವುದು ಎಂದು ಕೇಳಿದವರಿಗೆಲ್ಲ ಹೇಳಿದ ಬಾಯಿ ಅದು. ರೇವಣಸಿದ್ಧಯ್ಯ ಈಗ ಎಡ ಅಂಗೈ ಚಾಚಿದ. ಅವಳು ಲಿಂಗವನ್ನು ಅದರ ಮೇಲೆ ಇಟ್ಟಳು. ಅದು ಅವಳ ಮೈಯ ಬಿಸಿಯಲ್ಲೇ ಇತ್ತು.

ಕುಣಿಯ ಒಂದು ಕಡೆ ಭೀಮಶಾ ಮಣ್ಣನ್ನು ಇಳಿಜಾರು ಮಾಡಿ ಬಿಟ್ಟಿದ್ದ. ಪೂನಮ್ ಕೈ ಕೊಡಲು ಬಂದಳು, ಬೇಡವೆಂದ. ಚಪ್ಪಲಿ ಬಿಟ್ಟು ಇಳಿದ, ಒದ್ದೆ ಕಪ್ಪು ಮಣ್ಣು ಬ್ಯಾಂಡೇಜಿನೊಳಗೆ ಹೊಕ್ಕಿತು. ಮೇಲೆ ಜನ ಸುತ್ತ ನಿಂತರು. ಅವನು ಕುದುರೆಯ ತಲೆಯ ಮೇಲೆ ಕಾಲಿಡುತ್ತಾನೋ ಇಲ್ಲವೋ ಎಂದು ನೋಡಲು ಬಂದವರೂ ಅವರಲ್ಲಿದ್ದರು, ಅದು ಅವನಿಗೆ ಗೊತ್ತಿತ್ತು. ಕೆಳಗಿನಿಂದ ನೋಡಿದರೆ ಆಕಾಶವೂ ಮಂಜೂ ಒಂದೇ ಆಗಿದ್ದವು, ಅದರ ಅಂಚಿನಲ್ಲಿ ಜನರ ಮುಖಗಳ ನಡುವೆ ಒಂದು ಕುದುರೆಯ ಮುಖವೂ ಬಂದು ನಿಂತ ಹಾಗಿತ್ತು. ಚಾಂದನಿ ಎಡಮಗ್ಗುಲಾಗಿ ಮಲಗಿತ್ತು. ಹತ್ತಿರದಿಂದ ಅದನ್ನು ಅವನು ಯಾವತ್ತೂ ನೋಡಿದವನಲ್ಲ, ಮೇವು ಕಳಿಸಿದ್ದೇ ಬಂತು. ಕಣ್ಣಿನ ರೆಪ್ಪೆಯ ಕೂದಲೂ ಬಿಳಿ.

ಅವನು ಕಾಲಿಡಲಿಲ್ಲ. ಮೊಣಕಾಲೂರಿ ಕೂತ. ಮೇಲೆ ಯಾರೋ ಗುಸುಗುಸು ಅಂದರು. ಇದು ಕಳಿಸಿಕೊಡುವ ಕೆಲಸವಲ್ಲ, ಇನ್ನೂ ಅದರ ಹಿಂದಿನದೇ, ಲಿಂಗ ಕಟ್ಟುವುದೇ ಆಗಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ವಿಭೂತಿಯ ಗಟ್ಟಿಯಿಂದ ಕುದುರೆಯ ಹಣೆಗೆ ಮೂರು ಬೆರಳು ಎಳೆದ. ಬಿಳಿಯ ಮೇಲೆ ಬಿಳಿ, ಕಾಣಲಿಲ್ಲ. ಚೀಲದಲ್ಲಿದ್ದ ಶಿವದಾರ ಆ ಕೊರಳಿಗೆ ಸಾಲಲಿಲ್ಲ. ತನ್ನ ತಲೆಯ ರುಮಾಲು ಬಿಚ್ಚಿ, ಅದರ ಚುಂಗಿನಲ್ಲಿ ಲಿಂಗವನ್ನು ಸುತ್ತಿ, ಕೊರಳಿನ ಕೆಳಗೆ ಕೈ ತೂರಿಸಿ ಎಳೆದು, ಎದೆಯ ಮೇಲೆ ಬರುವ ಹಾಗೆ ಎರಡು ಗಂಟು ಹಾಕಿದ. ಹೊಸದಾಗಿ ಲಿಂಗ ಕಟ್ಟಿದ ಮೇಲೆ ಬಲಗಿವಿಯಲ್ಲಿ ಮಂತ್ರ ಹೇಳಬೇಕು. ಬಲಗಿವಿ ಮೇಲೆಯೇ ಇತ್ತು. ಅವನು ಬಗ್ಗಿದ. ಸಾವಿರ ಸಲ ಹೇಳಿದ ಐದು ಅಕ್ಷರ ತುಟಿಯವರೆಗೆ ಬಂದು ನಿಂತವು. ಅದಕ್ಕಿಂತ ಮೊದಲು ಹೇಳಬೇಕಾದ್ದು ಬೇರೆ ಇತ್ತು.

“ಅಯ್ನೋರ, ಆಯ್ತೇನ್ರಿ? ಮಣ್ಣು ಹಾಕ್ಲೇನು?” ಎಂದು ಮೇಲಿನಿಂದ ಭೀಮಶಾ ಕೂಗಿದ.

ರೇವಣಸಿದ್ಧಯ್ಯ ತಲೆ ಎತ್ತದೆ, ತಡೆ ಎಂದು ಒಂದು ಕೈ ಮೇಲೆತ್ತಿದ. ಇನ್ನೊಂದು ಕೈಯಿಂದ ಆ ತಣ್ಣಗಿನ ಕಿವಿಯನ್ನು ಸರಿಪಡಿಸಿ, ಬಾಯಿ ಹತ್ತಿರ ಒಯ್ದ.

“ಧೀರಜಾ, ಬಾ ಇಲ್ಲಿ. ನಾ ಬೈಯಂಗಿಲ್ಲ” ಎಂದ.